ಕದರಪ್ಪನ ಎರಡು ಸೀಟಿನ ಕಾರು

ಹೊಳವನಹಳ್ಳಿಯ ಕದರಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿ ಮಧುಗಿರಿ, ಶಿರಾ, ಪಾವಗಡದ ಜನರನ್ನೆಲ್ಲ ಹೊತ್ತು ತಿರುಗಿದವನು. ಆದರೆ ಹೆಂಡತಿ ಚಿಕ್ಕಕ್ಕನನ್ನು ಒಂದು ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿದವನಲ್ಲ. ಡ್ರೈವರ್ ಪಕ್ಕ ಇರುವುದು ಬಿಸಿ ಬಾನೆಟ್ಟು. ಅವಳು ಹಿಂದೆಲ್ಲೋ ಯಾರದೋ ಕೋಳಿಬುಟ್ಟಿಯ ಜೊತೆ ಕೂರುತ್ತಿದ್ದಳು. ಅದಕ್ಕೇ ಈ ಮಹಾರಾಯ ರಿಟೈರಾದ ಮೇಲೆ ಹುಡುಕಿ ಹುಡುಕಿ ಎರಡೇ ಸೀಟಿರುವ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದ. ಒಂದು ಸೀಟು ತನಗೆ, ಇನ್ನೊಂದು ಅವಳಿಗೆ.

ಚಿಕ್ಕಕ್ಕ ಅದರ ಸುತ್ತ ಒಂದು ಸಲ ತಿರುಗಿ ನೋಡಿದಳು. "ಮನಿಕ್ಕಂಡು ಹೋಗೋ ಗಾಡಿ ಇದು. ಊರ ಮುಂದಿನ ಏರು ಹತ್ತಿದ್ರೆ ನೋಡಾನ," ಅಂದಳು.

ಹತ್ತಬೇಕಲ್ಲ? ಇಂಜಿನ್ನು ಊರಿಗೆಲ್ಲ ಕೇಳುವಂತೆ ಅಬ್ಬರಿಸಿತು, ಕಾರು ಮಾತ್ರ ಆಮೆಯ ಹಾಗೆ ತೆವಳಿತು. ಕ್ಲಚ್ ಪ್ಲೇಟು ಸವೆದುಹೋಗಿತ್ತು.

ನಾನೇ ಬದಲಿಸುತ್ತೇನೆ ಎಂದು ಕದರಪ್ಪ ಪಂಚೆ ಎತ್ತಿ ಕಟ್ಟಿದ. ಕಲ್ಲುಚಪ್ಪಡಿಗಳ ಮೇಲೆ ಕಾರನ್ನು ಏರಿಸಿ, ಅಡಿಗೆ ತೂರಿ, ಗೇರ್‌ಬಾಕ್ಸನ್ನು ಎಳೆಮಗುವಿನಂತೆ ಎದೆಯ ಮೇಲೆ ಇಳಿಸಿಕೊಂಡ. ಹೊಸ ಪ್ಲೇಟು ಕೂರಿಸಿ, ಬೋಲ್ಟುಗಳನ್ನೆಲ್ಲ ಬಿಗಿದು, ಮೀಸೆ ತಿರುವುತ್ತ ಏರಿನ ಕಡೆ ಹೊರಟ. ಮತ್ತೆ ಅದೇ ಅಬ್ಬರ, ಅದೇ ಆಮೆ.

ಅರಳಿಕಟ್ಟೆಯ ಮೇಲೆ ಕೂತಿದ್ದ ಬಸವಲಿಂಗಯ್ಯ, "ಕದ್ರಪ್ಪಣ್ಣ, ತಳ್ಳಾಕೆ ಬರ್ಲಾ?" ಅಂದ. ನಾಚಿಕೆಯಿಂದ ಕದರಪ್ಪನ ಮುಖ ಕಾರಿಗಿಂತ ಕೆಂಪಾಯಿತು.

ಮನೆಗೆ ಬಂದು ಮತ್ತೆ ಎಲ್ಲವನ್ನೂ ಬಿಚ್ಚಿದ. ಪ್ಲೇಟು ಮುಟ್ಟಿದರೆ ಕೈ ಜಾರುತ್ತದೆ. ಮೂಸಿ ನೋಡಿದ. ಹರಳೆಣ್ಣೆ. ಒಣಗಿರಬೇಕಾದ ಪ್ಲೇಟಿಗೆ ಎಣ್ಣೆ ಕುಡಿಸಿದರೆ ಹಿಡಿತ ಎಲ್ಲಿಂದ ಬಂದೀತು?

"ಲೇ ಇವ್ಳೇ, ಇದುಕ್ಕೆ ಎಣ್ಣೆ ಸವರ್ದೋರು ಯಾರು?"

ಚಿಕ್ಕಕ್ಕ ಸೆರಗಿನ ತುದಿ ತಿರುಚಿದಳು. "ಹೊಸ ಸಾಮಾನು, ಪೂಜೆ ಮಾಡ್ದೆ ಹೆಂಗೆ ಹಾಕದು? ಎಣ್ಣೆ ಸವರಿ ಕುಂಕ್ಮ ಇಟ್ಟೆ. ನೀನು ನೋಡುದ್ರೆ ನಗ್ತೀಯ ಅಂತ ಆಮೇಲೆ ಒರೆಸ್ಬುಟ್ಟೆ."

"ನಿಂಗೀ ಗಾಡಿ ಬ್ಯಾಡ ಅಂದ್ಕಂಡಿದ್ನಲ್ಲ?"

"ಬ್ಯಾಡ ಅಂತ ಯಾವಾಗ ಅಂದೆ? ಅದ್ರಲ್ಲಿ ಕೂತ್ಕಂಡು ಹೋಗೋಳು ನಾನಲ್ವೇನಯ್ಯಾ."

ಕದರಪ್ಪ ಕಾರಿನಡಿಯಲ್ಲೇ ಮಲಗಿ ಗೊಳ್ಳೆಂದು ನಕ್ಕ. ಆ ಸಂತೋಷದಲ್ಲಿ ಇನ್ನೂ ನಾಲ್ಕು ಸಲ ಬಿಚ್ಚು ಅಂದಿದ್ದರೂ ಬಿಚ್ಚುತ್ತಿದ್ದ. ಮಾರನೆಯ ದಿನವೇ ತುಮಕೂರಿಗೆ ಓಡಿ ಇನ್ನೊಂದು ಪ್ಲೇಟು ತಂದ. ಈ ಸಲ ಪೂಜೆ ನಡೆದದ್ದು ಅದು ಬಂದ ಖಾಲಿ ಡಬ್ಬಕ್ಕೆ.

ಏರಿನ ಬುಡದಲ್ಲಿ ಚಿಕ್ಕಕ್ಕ ಕಣ್ಣು ಮುಚ್ಚಿಕೊಂಡಳು. ಕಾರು ಒಂದೇ ಉಸಿರಿಗೆ ನೆತ್ತಿ ಮುಟ್ಟಿತು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಬಸವಲಿಂಗಯ್ಯ ಕೈ ಅಡ್ಡ ಹಿಡಿದ. ಹಳೆಯ ಅಭ್ಯಾಸ, ಕದರಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

ಚಿಕ್ಕಕ್ಕ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ನಿಲ್ಲಿಸ್ಬ್ಯಾಡ, ಹೋಗು. ಸೀಟಿಲ್ಲ."