ಚೊಗರು ಕುಡಿದ ಸ್ಪೀಕರು

ಹೋದ ವಾರ ಶುಭಾ ಮನೆಗೆ ಬಂದಿದ್ದಳು. ಶೃಂಗೇರಿಯಲ್ಲಿ ನಮ್ಮ ಸಾವಿತ್ರಕ್ಕನ ಹತ್ತಿರ ಸಂಗೀತ ಕಲಿತ ಹುಡುಗಿ. ಈಗ ಅವಳೇ ಹತ್ತಾರು ಮಕ್ಕಳಿಗೆ ಕಲಿಸುತ್ತಾಳೆ. ಅಕ್ಕ ಹೋಗಿ ಮೂರು ವರ್ಷವಾಯಿತು. ಅವಳ ಪಾಠದ ಕೋಣೆಯಲ್ಲಿದ್ದ ಸ್ಪೀಕರು ನನ್ನ ಅಟ್ಟ ಸೇರಿತ್ತು. ಅದನ್ನು ಕೇಳಿಕೊಂಡು ಬಂದಿದ್ದಳು. ಇಳಿಸುವಾಗ ಅದರ ಹಿಂದೆ ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದ ಅದರ ಜೋಡಿಯೂ ಕೈಗೆ ಬಂತು. ಬಿಚ್ಚಿದರೆ ಮಡ್ಡಿಗೆಂಪು ಬಣ್ಣದ, ಆಲಿಕೆಯಂಥ ಕಾಗದದ ಕೋನು, ಇಷ್ಟು ವರ್ಷದ ಮೇಲೂ ಒಗರೊಗರು ವಾಸನೆ.

"ಇದೆಂತ ಮಾಮ, ಸ್ಪೀಕರಿಗೆ ಕಾಫಿ ಚೆಲ್ಲಿದ್ರಾ?"

"ಕಾಫಿ ಅಲ್ಲ ಮಾರಾಯ್ತಿ, ಅಡಕೆ ಚೊಗರು."

ಅವಳು ನಕ್ಕಳು. ನಾನೂ ನಕ್ಕೆ. ಆದರೆ ಕೆಟ್ಟ ಸ್ಪೀಕರೊಂದನ್ನು ಇಷ್ಟು ಕಾಲ ಜೋಪಾನವಾಗಿ ಸುತ್ತಿಟ್ಟಿದ್ದೇಕೆ ಎಂದು ಅವಳಿಗೆ ಹೇಳಬೇಕಾಯಿತು, ನಿಮಗೂ ಹೇಳುತ್ತೇನೆ.

ಆಗ ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾನು ನರಸಿಂಹರಾಜಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಕೋರ್ಟು ವ್ಯಾಜ್ಯ, ನನಗೆ ಸ್ಪೀಕರು. ಕೊಪ್ಪಕ್ಕೆ ಹೋದಾಗಲೆಲ್ಲ ಸೈಬರ್ ಸೆಂಟರಿನಲ್ಲಿ ಕೂತು ಅದರ ಬಗ್ಗೆಯೇ ಓದುತ್ತಿದ್ದೆ. ಅಲ್ಲಿ ನನಗೆ ಒಂಟಿ ಕೋನಿನ ಪಂಥದವರ ಪರಿಚಯವಾಯಿತು. ಸಾಮಾನ್ಯವಾಗಿ ದೊಡ್ಡ ಪೆಟ್ಟಿಗೆಗಳಲ್ಲಿ ದಪ್ಪ ಸ್ವರಕ್ಕೊಂದು ಸ್ಪೀಕರು, ಸಣ್ಣ ಸ್ವರಕ್ಕೊಂದು ಸ್ಪೀಕರು, ಇಬ್ಬರಿಗೂ ಪಾಲು ಮಾಡಿಕೊಡಲು ನಡುವೆ ಒಂದು ಸರ್ಕ್ಯೂಟು ಇರುತ್ತದಲ್ಲ, ಈ ಪಂಥದವರು ಅದನ್ನು ಒಪ್ಪುವುದಿಲ್ಲ. ಮೃದಂಗವಿರಲಿ, ಗೆಜ್ಜೆಯಿರಲಿ, ಎಲ್ಲವನ್ನೂ ಒಂದೇ ಕಾಗದ ನುಡಿಯಬೇಕು ಎನ್ನುತ್ತಾರೆ. ಸಿದ್ಧಾಂತ ನನಗೆ ಹಿಡಿಸಿತು. ಖರ್ಚು ಕಡಿಮೆ ಎಂಬುದು ಸಿದ್ಧಾಂತಕ್ಕಿಂತ ಹೆಚ್ಚು ಹಿಡಿಸಿತು.

ಆ ಹುಚ್ಚಿಗೆ ಒಂದು ಕಾರಣ ಸಿಕ್ಕಿದ್ದು ಅಕ್ಕನಿಂದ. ಶೃಂಗೇರಿಯಲ್ಲಿ ಯಾತ್ರಿಕರ ಎರಡು ಲಾಡ್ಜುಗಳ ನಡುವಿನ ಓಣಿಯಲ್ಲಿ ಅವಳ ಮನೆ. ಜಗಲಿಗೆ ತಾಗಿದ ಕೋಣೆಯಲ್ಲಿ ಸಂಜೆ ಹೊತ್ತು ಒಂಬತ್ತು ಹುಡುಗಿಯರು ಚಾಪೆ ಹಾಸಿಕೊಂಡು ಕಲಿಯುತ್ತಿದ್ದರು. ಆ ಪಾಠವೇ ಅವಳ ಜೀವ ಎಂದರೆ ಹೆಚ್ಚಲ್ಲ. ಒಂದು ದಿನ, ಹುಡುಗಿಯರೆಲ್ಲ ಎದ್ದು ಹೋದ ಮೇಲೆ, ನನ್ನೊಬ್ಬನ ಹತ್ತಿರ ಹೇಳಿದಳು. ನನಗೆ ನಲವತ್ತು ದಾಟಿದ್ದರೂ ಅವಳ ಬಾಯಲ್ಲಿ ನಾನು ಮಾಣಿಯೇ.

"ಮಾಣಿ, ಈಗೀಗ ತಂಬೂರಿ ದೂರ ಹೋಗ್ತಾ ಉಂಟು. ಮೊನ್ನೆ ನಾನು ಬೇರೆ ಶ್ರುತೀಲಿ ಎತ್ತಿಕೊಂಡೆ. ಮಕ್ಕಳು ಮುಖ ಮುಖ ನೋಡಿಕೊಂಡ್ವು. ಶ್ರುತಿ ಸಿಗದವಳು ಕಲಿಸೂದು ಪಾಪ. ಬಿಟ್ಟುಬಿಡ್ಲಾ ಅಂತ."

ಅವಳದು ಎಲೆಕ್ಟ್ರಾನಿಕ್ ತಂಬೂರಿ. ಅದರೊಳಗಿನ ಸ್ಪೀಕರು ಒಂದು ಕೋಡುಬಳೆಯಷ್ಟು ದೊಡ್ಡದು. "ದುಡುಕಬೇಡ ಅಕ್ಕ, ನಾನೊಂದು ಸ್ಪೀಕರ್ ಮಾಡಿಕೊಡ್ತೇನೆ, ಆಮೇಲೆ ನೋಡು" ಎಂದೆ. ಎಂಥ ಗತ್ತಿನಲ್ಲಿ ಹೇಳಿದೆನೆಂದರೆ ಆಗಲೇ ಮಾಡಿ ಮುಗಿಸಿದವನ ಹಾಗೆ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಶೇಷಣ್ಣ ಎಂಬವರ ರೇಡಿಯೋ ರಿಪೇರಿ ಅಂಗಡಿಯಿತ್ತು. ಇಡ್ಲಿ ತಟ್ಟೆಯಷ್ಟು ದೊಡ್ಡ ಮ್ಯಾಗ್ನೆಟ್ಟಿನ ಹೊಸ ಸ್ಪೀಕರೊಂದನ್ನು ಶಿವಮೊಗ್ಗದಲ್ಲಿ ನೋಡಿ ಬಂದಿದ್ದೆ. ಕೊಳ್ಳಲೇ ಎಂದು ಅವರನ್ನು ಕೇಳಿದೆ.

"ಮ್ಯಾಗ್ನೆಟ್ ನೋಡಿ ಮರುಳಾಗ್ಬೇಡಿ ಸಾರ್. ಕೋಡು ನೋಡಿ ಎತ್ತು ತಗೊಂಡಂಗೆ ಆಗುತ್ತೆ. ಕಾಗದ ನೋಡಿ. ಕಾಗದ ಹಗುರ ಇದ್ರೆ ಸಣ್ಣ ಸ್ವರಕ್ಕೂ ಏಳುತ್ತೆ."

ಹಾಗೆಂದು ಎರಡು ಹಳೇ ವಾಲ್ವ್ ರೇಡಿಯೋಗಳಿಂದ ಬಿಚ್ಚಿಟ್ಟಿದ್ದ ಒಂದು ಜೋಡಿಯನ್ನು ಮುಂದಿಟ್ಟರು. ದೊಡ್ಡ ಕೋನಿನ ನಡುವೆ, ಅದಕ್ಕೇ ಅಂಟಿಕೊಂಡು, ಸಣ್ಣ ಸ್ವರಕ್ಕೆಂದೇ ಇನ್ನೊಂದು ಪುಟ್ಟ ಕೋನು. ಉಗುರಿನಲ್ಲಿ ತಟ್ಟಿ ತೋರಿಸಿದರು. ಒಂದು ಟಪ್ ಎಂದಿತು, ಇನ್ನೊಂದು ಸ್ವಲ್ಪ ದಪ್ ಎಂದಿತು. "ಇದಕ್ಕೆ ಮಳೆಗಾಲದ ಥಂಡಿ ಹಿಡಿದಿದೆ. ನಾಲ್ಕು ದಿನ ಬಿಸಿಲು ತೋರಿಸಿ. ಬೇರೆ ಎಂತದೂ ಮಾಡ್ಬೇಡಿ."

ಬೇರೆ ಎಂತದೂ ಮಾಡದೆ ಇರುವುದೇ ನನಗೆ ಬಾರದ ವಿದ್ಯೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ಥಂಡಿ ಹಿಡಿದ ಕೋನಿಗೆ ತೆಳುವಾದ ಅರಗಿನ ಲೇಪ ಕೊಟ್ಟರೆ ಬಿಗಿಯಾಗುತ್ತದೆ, ಸ್ವರ ತಿಳಿಯಾಗುತ್ತದೆ ಎಂದು ಸೈಬರ್ ಸೆಂಟರಿನಲ್ಲಿ ಓದಿದ್ದೆ. ಆ ಅರಗು ನಮ್ಮ ಕಡೆ ಎಲ್ಲಿ ಸಿಗಬೇಕು? ಆಗ ಅಡಕೆ ಸುಗ್ಗಿ. ಅಡಕೆ ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಕುದಿಸಿ ಗಟ್ಟಿಯಾದ ಕೆಂಪು ಚೊಗರನ್ನು ಸಹೋದ್ಯೋಗಿಯೊಬ್ಬರು ಒಂದು ಬಾಟಲಿ ತಂದುಕೊಟ್ಟರು. ಅಡಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುವ ವಸ್ತು ಕಾಗದಕ್ಕೆ ಕೊಡದೆ ಇರುತ್ತದೆಯೇ? ಒಂದು ಕೈ ಹಚ್ಚಿದೆ. ಒಣಗಿದಾಗ ಎಷ್ಟು ಚಂದ ಕಂಡಿತೆಂದರೆ ಇನ್ನೂ ನಾಲ್ಕು ಕೈ ಹಚ್ಚಿದೆ. ಉಗುರಿನಲ್ಲಿ ತಟ್ಟಿದರೆ ಟಕ್ ಎಂದಿತು. ಟಪ್ಪಿಗಿಂತ ಟಕ್ಕು ಮೇಲು ಎಂದು ನಾನೇ ತೀರ್ಮಾನಿಸಿದೆ. ಸರಿಯಾಗಿದ್ದ ಇನ್ನೊಂದನ್ನು ಹಾಗೇ ಕಟ್ಟಿಟ್ಟು, ಚಹಾಪುಡಿ ಬರುವ ಪ್ಲೈವುಡ್ ಪೆಟ್ಟಿಗೆಯನ್ನು ಕೊಯ್ದು, ಒಳಗೆ ಹಳೇ ರಜಾಯಿಯ ಹತ್ತಿ ತುಂಬಿ, ಈ ಕೆಂಪು ಕೋನನ್ನೇ ಕೂರಿಸಿದೆ. ನುಡಿಸಿದಾಗ ಸ್ವಲ್ಪ ಮಂಕು ಅನ್ನಿಸಿತು. ಅದನ್ನು ಗಾಂಭೀರ್ಯ ಎಂದುಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಶೃಂಗೇರಿಗೆ ಒಯ್ದು ಅಕ್ಕನ ತಂಬೂರಿಗೆ ಜೋಡಿಸಿದೆ. ಅವಳು ಕಣ್ಣು ಮುಚ್ಚಿ ಕೇಳುತ್ತ ಕೂತಳು.

"ಹೇಗಿದೆ ಅಕ್ಕ?"

ಕಣ್ಣು ಬಿಟ್ಟವಳು ಸ್ಪೀಕರನ್ನು ನೋಡಲಿಲ್ಲ, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಚೆನ್ನಾಗಿದೆ ಮಾಣಿ" ಎಂದಳು. ನಾನು ಉಬ್ಬಿ, ನಾಲ್ಕು ಕಡುಬು ಹೆಚ್ಚಿಗೆ ತಿಂದು ಬಸ್ಸು ಹತ್ತಿದೆ.

ಹದಿನೈದು ದಿನದ ಮೇಲೆ ನನ್ನ ಪ್ರತಾಪ ಹೇಳಿಕೊಳ್ಳಲು ಶೇಷಣ್ಣನ ಅಂಗಡಿಗೆ ಹೋದೆ. ಅವರು ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟರು.

"ಕಾಗದಕ್ಕೆ ಅಡಕೆಗೆ ಬಣ್ಣ ಕಟ್ಟಿದಂಗೆ ಕಟ್ಟಿದೀರಾ? ಅಷ್ಟು ಭಾರ ಹೊತ್ತು ಅದು ಏಳೋದು ಹೆಂಗೆ ಸಾರ್? ಸಣ್ಣ ಸ್ವರ ಪೂರ್ತಿ ಸತ್ತಿರುತ್ತೆ. ಒಳ್ಳೇ ಕಿವಿಯವರಿಗೂ ಬರೀ ಗುಂಯ್ ಅನ್ನುತ್ತೆ."

ನನಗೆ ನೆನಪಾದದ್ದು ಸ್ಪೀಕರಲ್ಲ, ಅಕ್ಕ ನನ್ನ ಮುಖ ನೋಡಿದ ಆ ನೋಟ.

ಮರುದಿನವೇ ಇನ್ನೊಂದು ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಪಾಠದ ಹೊತ್ತು, ಆದರೆ ಕೋಣೆ ಖಾಲಿ. ಚಾಪೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಿಯಾಗಿತ್ತು.

"ಮಕ್ಕಳಿಗೆ ಬರಬೇಡಿ ಅಂದುಬಿಟ್ಟೆ" ಎಂದಳು ಅಕ್ಕ. "ನೀನು ಅಷ್ಟು ಕಷ್ಟಪಟ್ಟು ಮಾಡಿದ್ರಲ್ಲೂ ನಂಗೆ ತಂಬೂರಿ ಕೇಳಿಸ್ಲಿಲ್ಲ. ಅಂದ್ಮೇಲೆ ನನ್ನ ಕಿವಿ ಮುಗೀತು ಅಂತಲೇ ಲೆಕ್ಕ."

ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಏನೂ ಹೇಳದೆ ಸ್ಪೀಕರು ಬದಲಿಸಿ, ಇನ್ನೂ ಒಳ್ಳೆಯದು ತಂದೆ ಎಂದು ಶಭಾಸ್‌ಗಿರಿ ತೆಗೆದುಕೊಳ್ಳೋಣವೆಂದು ಒಂದು ಗಳಿಗೆ ಅನ್ನಿಸಿತ್ತು. ಸುತ್ತಿಟ್ಟ ಚಾಪೆಗಳ ಎದುರು ಅದಕ್ಕೆ ಧೈರ್ಯ ಬರಲಿಲ್ಲ. "ತಪ್ಪು ನಿನ್ನ ಕಿವಿದಲ್ಲ ಅಕ್ಕ, ನಂದು" ಎಂದು ಚೊಗರಿನ ಕತೆಯನ್ನೆಲ್ಲ ಹೇಳಿದೆ. ಸ್ಕ್ರೂ ಬಿಚ್ಚಿ, ಏನೂ ಹಚ್ಚದ ಕೋನನ್ನು ಅದೇ ಪೆಟ್ಟಿಗೆಗೆ ಕೂರಿಸಿದೆ. ಪೆಟ್ಟಿಗೆಯನ್ನು ನೆಲದಿಂದ ಎತ್ತಿ, ಕೂತವಳ ಕಿವಿಯ ಮಟ್ಟಕ್ಕೆ ಬರುವಂತೆ ಒಂದು ಸ್ಟೂಲಿನ ಮೇಲಿಟ್ಟು, ಅವಳ ಕಡೆಗೆ ತಿರುಗಿಸಿದೆ.

ತಂಬೂರಿ ಝೇಂಕರಿಸಿತು. ಅಕ್ಕ ತಲೆಯನ್ನು ಸ್ವಲ್ಪ ವಾರೆ ಮಾಡಿದಳು, ಮೆಲ್ಲಗೆ ಷಡ್ಜ ಹಿಡಿದಳು. ಸರಿಯಾಗಿ ಕೂತಿತು. ಆಮೇಲೆ ನನ್ನ ಕಡೆ ತಿರುಗಿದಾಗ ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟಿತ್ತು.

"ಹದಿನೈದು ದಿನ ನನ್ನನ್ನ ಕಿವುಡಿ ಮಾಡಿ ಕೂರಿಸಿದ್ಯಲ್ಲೋ!"

"ಕೇಳಿಸ್ಲಿಲ್ಲ ಅಂತ ಅವತ್ತೇ ಹೇಳ್ಬಾರ್ದಿತ್ತಾ ಅಕ್ಕ?"

"ನಿನ್ನ ಮುಖ ನೋಡಿ ಹೇಗೆ ಹೇಳ್ಲಿ ಮಾಣಿ?"

ಯಾರ ಮನೆ ಬಾಗಿಲಿಗೂ ಕೇಳಿಕೊಂಡು ಹೋದವಳಲ್ಲ ಅವಳು. ಮರುದಿನ ಒಂಬತ್ತು ಮನೆಗೂ ತಾನೇ ಹೋಗಿ ಹುಡುಗಿಯರನ್ನು ಕರೆದಳು. ಐವರು ಬಂದರು, ನಾಲ್ವರು ಬೇರೆ ಕಡೆ ಸೇರಿಬಿಟ್ಟಿದ್ದರು. ಆ ನಾಲ್ವರ ಹೆಸರು ನನಗೆ ಇವತ್ತಿಗೂ ನೆನಪಿದೆ, ಕೆಂಪು ಸ್ಪೀಕರನ್ನು ಎಸೆಯಲು ಮನಸ್ಸು ಬಾರದ್ದೂ ಅದಕ್ಕೇ. ಬಂದ ಐವರಲ್ಲಿ ಮೊದಲನೆಯವಳು ಶುಭಾ. ಅಕ್ಕ ಅದಾದ ಮೇಲೆ ಎಂಟು ವರ್ಷ ಕಲಿಸಿದಳು.

ಕತೆ ಕೇಳಿದ ಶುಭಾ ಎರಡನ್ನೂ ಒಮ್ಮೆ ನುಡಿಸಿ ನೋಡೋಣ ಮಾಮ ಎಂದು ಹಟ ಹಿಡಿದಳು. ನನ್ನ ಹಳೇ ಆಂಪ್ಲಿಫೈಯರಿಗೆ ತನ್ನ ಮೊಬೈಲಿನ ತಂಬೂರಿಯನ್ನು ಜೋಡಿಸಿ ಮೊದಲು ಅಕ್ಕನ ಸ್ಪೀಕರು, ಆಮೇಲೆ ಕೆಂಪಿನದು ನುಡಿಸಿದಳು.

"ಅಬ್ಬಾ, ಎಂಥ ವ್ಯತ್ಯಾಸ! ಇದು ಪೂರಾ ಕಂಬಳಿ ಹೊದ್ದಂಗೆ ಉಂಟು. ಅಲ್ವಾ ಮಾಮ?"

ಇನ್ನೊಮ್ಮೆ ನುಡಿಸು ಎಂದೆ. ನುಡಿಸಿದಳು. ಮೊದಲು ಅದು, ಆಮೇಲೆ ಇದು. ನಾನು ಕಣ್ಣು ಮುಚ್ಚಿ ಕೂತಿದ್ದೆ. ಎರಡೂ ಒಂದೇ ಆಗಿತ್ತು. ಕಣ್ಣು ಬಿಟ್ಟರೆ ಶುಭಾ ಉತ್ಸಾಹದಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದು ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ.

"ಇಲ್ಲ ಶುಭಾ. ನಂಗೆ ಎರಡೂ ಒಂದೇ ಥರ ಕೇಳಿಸ್ತಾ ಉಂಟು."

ಅವಳು ಒಳಗಿಂದ ಒಂದು ಸ್ಟೂಲು ತಂದು ಅಕ್ಕನ ಸ್ಪೀಕರನ್ನು ಅದರ ಮೇಲಿಟ್ಟಳು. ನನ್ನ ಕಿವಿಯ ಮಟ್ಟ ನೋಡಿ ನನ್ನ ಕಡೆಗೆ ತಿರುಗಿಸಿದಳು.

"ಈಗ ಮಾಮ?"

"ಇನ್ನೂ ಸ್ವಲ್ಪ ಹತ್ತಿರ ತಾ" ಎಂದೆ.