ಪೆಟ್ರೋಲ್ ಸೋಸಿದ ಮನೆಯೊಡತಿ

ನನ್ನ ಮನೆಯೊಡತಿಯ ಬಲಗೈ ಹೆಬ್ಬೆರಳಿನ ಉಗುರು ನೀಲಿ, ತೋರುಬೆರಳಿನ ಉಗುರು ಕಪ್ಪು. ನೀಲಿ ಬಂದದ್ದು ನೂಲಿಗೆ ಹಾಕುವ ಬಣ್ಣದಿಂದ, ಕಪ್ಪು ಬಂದದ್ದು ಕಾರಿನ ಗ್ರೀಸಿನಿಂದ. ಈ ಎರಡು ಬೆರಳುಗಳ ನಡುವೆ ಹಿಡಿದು ತಿಕ್ಕಿ ನೋಡದೆ ಅವರು ಯಾವ ವಸ್ತುವನ್ನೂ ನಂಬುತ್ತಿರಲಿಲ್ಲ. ಹೊಸದಾಗಿ ಮಾಸ್ತರಿಕೆಗೆ ಸೇರಿದ ನಾನು ಬೆಟಗೇರಿಯ ಅವರ ಮನೆಯಲ್ಲಿ ಬಾಡಿಗೆಗೆ ಒಂದು ಖೋಲಿ ಕೇಳಲು ಹೋದಾಗ, ನನ್ನ ನೇಮಕದ ಪತ್ರವನ್ನೂ ಹಾಗೆಯೇ ತಿಕ್ಕಿ ನೋಡಿ, "ಕಾಗದ ಛಲೋ ಐತಿ. ಇರ್ರಿ ಮಾಸ್ತರ" ಎಂದರು. ಅದರಲ್ಲಿ ಏನು ಬರೆದಿದೆ ಎಂದು ಓದುವ ಗೋಜಿಗೆ ಹೋಗಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಅವರ ಯಜಮಾನರು ಒಂದು ಹಳೆಯ ಕಾರು ಕೊಂಡು ಬಾಡಿಗೆಗೆ ಬಿಟ್ಟಿದ್ದರಂತೆ. ನಾನು ಆ ಮನೆ ಸೇರುವ ಹೊತ್ತಿಗೆ ಯಜಮಾನರು ಇರಲಿಲ್ಲ. ಒಂದು ಮಗ್ಗ, ಒಂದು ಕಾರು, ಒಬ್ಬ ಡ್ರೈವರ್ ಇದ್ದರು. ಪಕ್ಕದ ಮನೆಯಲ್ಲಿ ನಾಲ್ಕು ಮಗ್ಗಗಳ ಧನಿಯಾದ ಮೈದುನ ಇದ್ದ. ಆತನ ಕಣ್ಣಿಗೆ ವಿಧವೆಯೊಬ್ಬಳ ಅಂಗಳದಲ್ಲಿ ಕಾರು ನಿಲ್ಲುವುದು ಗ್ರಹಣದಷ್ಟೇ ಅಶುಭವಾಗಿ ಕಾಣುತ್ತಿತ್ತು.

"ಮಾರಿಬಿಡು ವೈನಿ. ನಮ್ಮಲ್ಲೆ ಬಂದು ಕಂಡಕಿಗೆ ನೂಲು ಸುತ್ತಿಕೋತ ಆರಾಮ ಇರು" ಎಂದು ಆತ ಅತ್ತಿಗೆಗೆ ಹೇಳುತ್ತಿದ್ದ.

"ನಿನ್ನ ಕಂಡಕಿ ಸುತ್ತಿದ್ರ ನಿನ್ನ ಹೇಂತಿ ಕೈಯಾಗಿನ ರೊಟ್ಟಿ ತಿನ್ನಬೇಕಾಕ್ಕೈತಿ. ಅದು ಎಷ್ಟು ದಪ್ಪ ಇರತೈತಿ ನನಗ ಗೊತ್ತೈತಿ."

ನಗೆ ಮಾತಾದರೂ ವಿಷಯ ಅಷ್ಟೇ ಆಗಿತ್ತು. ಕಾರು ಹೋದರೆ ಅವರು ತಮ್ಮ ಮನೆಯ ಬಾಗಿಲು ಮುಚ್ಚಿ ಮೈದುನನ ಮನೆಯ ಮೂಲೆ ಸೇರಬೇಕಿತ್ತು.

ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂದಿತ್ತು. ಮುಂಬೈ, ಹೈದರಾಬಾದ್, ಮೈಸೂರು ಎಲ್ಲ ಕಡೆಯ ಕನ್ನಡಿಗರೂ ಕೂಡಲು ಒಪ್ಪಿದ್ದರು. ಆದರೆ ನಮ್ಮ ಕಾರಿನಲ್ಲಿ ಪೆಟ್ರೋಲಿನ ಟಾಕಿ ಮತ್ತು ಎಂಜಿನ್ ಮಾತ್ರ ಒಂದಾಗಲು ಒಪ್ಪಲಿಲ್ಲ. ನಡುವೆ ಪೆಟ್ರೋಲ್ ಸೋಸಲು ಒಂದು ಗಾಜಿನ ಬಟ್ಟಲು, ಅದರ ಬಾಯಿಗೆ ಹಿತ್ತಾಳೆಯ ಜಾಲರಿ ಇರುತ್ತಿತ್ತು. ಅದು ಹರಿದು, ಟಾಕಿಯ ತುಕ್ಕೆಲ್ಲ ಎಂಜಿನ್ನಿಗೆ ಹೋಗಿ, ಕಾರು ನಡುದಾರಿಯಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಹೊಸ ಜಾಲರಿ ಮುಂಬೈಯಿಂದ ಬರಬೇಕು, ತಿಂಗಳಾದೀತು ಎಂದು ಮಿಸ್ತ್ರಿ ಕೈ ಚೆಲ್ಲಿದ.

ಮೈದುನ ಇದೇ ಸಮಯ ನೋಡಿ ಬಂದ. ಏಕೀಕರಣದ ದಿನ ಭಾಷಣಕಾರರೊಬ್ಬರನ್ನು ಮುಂಡರಗಿಗೆ ಒಯ್ದು ಬರುವ ಬಾಡಿಗೆಯನ್ನು ಇವರು ಆಗಲೇ ಒಪ್ಪಿಕೊಂಡಿದ್ದರು. "ಕಾರು ಎಳಿಯಾಕ ಎತ್ತು ಹಚ್ಚದ ಹೋಗಿ ಬಂದ್ರ ನಾ ಮತ್ತ ಬಾಯಿ ತಗಿಯಂಗಿಲ್ಲ. ಬರಲಿಲ್ಲಂದ್ರ ಕಾರು ಕೊಳ್ಳಾಕ ಗಿರಾಕಿ ತಯಾರ ಅದಾನ" ಎಂದ ಮೈದುನ.

"ಆತು. ನೀನೂ ಗಾಡಿಯಾಗ ಬಾ. ಸಾಕ್ಷಿ ಬೇಕು" ಎಂದರು ಇವರು.

ಅಂದೇ ಸಂಜೆ ಬಟ್ಟಲು ಬಿಚ್ಚಿದರು. ಯಾವುದು ಕೆಟ್ಟರೂ ಅವರ ಮೊದಲ ಮಾತು ಒಂದೇ: "ತಡ್ರಿ, ಬಿಚ್ಚಿ ನೋಡೂಣು." ಹರಿದ ಜಾಲರಿಯನ್ನು ಎರಡು ಬೆರಳಲ್ಲಿ ಹಿಡಿದು ನಕ್ಕರು. "ಇದೇನ್ರಿ ಮಾಸ್ತರ, ಹಾಸು ಐತಿ, ಹೊಕ್ಕು ಐತಿ. ನೇಯ್ಗಿನ ಇದು! ನೇಕಾರ ಓಣ್ಯಾಗ ಕುಂತು ಇದಕ್ಕ ಮುಂಬೈ ದಾರಿ ಕಾಯಬೇಕಾ?"

ಮಗ್ಗದಿಂದ ಆಗಷ್ಟೇ ಇಳಿಸಿದ ಹತ್ತಿ ಬಟ್ಟೆಯಲ್ಲಿ ಒಂದು ದುಂಡು ತುಂಡು ಕತ್ತರಿಸಿ ಜಾಲರಿಯ ಜಾಗದಲ್ಲಿ ಕೂಡಿಸಿದರು. ವಿಜ್ಞಾನ ಕಲಿಸುವವನೆಂಬ ಅಧಿಕಾರದಿಂದ ನಾನು ಬಟ್ಟೆಯ ಸೂಕ್ಷ್ಮ ರಂಧ್ರಗಳ ಕುರಿತು ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಮರುದಿನ ಪರೀಕ್ಷೆಗೆಂದು ಲಕ್ಕುಂಡಿಗೆ ಹೊರಟ ಕಾರು ಊರು ಮುಟ್ಟುವ ಮೊದಲೇ ನಿಂತಿತು. ಒಂದು ಜೋಡಿ ಎತ್ತುಗಳು ಅದನ್ನು ಓಣಿಯ ತುಂಬ ಎಳೆದು ತಂದವು. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದವರೆಲ್ಲ ಎದ್ದು ಬಂದು ನೋಡಿದರು. ಮೆರವಣಿಗೆಗೆ ವಾದ್ಯವೊಂದೇ ಕಡಿಮೆ.

ಮನೆಯೊಡತಿ ಯಾರ ಮುಖವನ್ನೂ ನೋಡಲಿಲ್ಲ. ಅಂಗಳದಲ್ಲಿ ಬಟ್ಟಲು ಬಿಚ್ಚಿ, ಬಟ್ಟೆಯ ತುಂಡನ್ನು ತಿಕ್ಕಿದರು. ಬೆರಳಿಗೆ ಅಂಟು ಹತ್ತಿತು. ಹಣೆ ಬಡಿದುಕೊಂಡರು.

"ಗಂಜಿ! ನೂಲಿಗೆ ಕುಡಿಸಿದ ಗಂಜಿ ಹಂಗ ಐತಿ. ಪೆಟ್ರೋಲಿನಾಗಿನ ನೀರು ಕುಡಿದು ಉಬ್ಬಿ ಕುಂತೈತಿ. ನಲವತ್ತು ವರ್ಷ ಗಂಜಿ ಕಾಸಿದಾಕಿ ನಾ, ಇದನ್ನ ಮರತೆ. ನಿಮಗರ ಹೊಳೀಬಾರದೇನ್ರಿ ಮಾಸ್ತರ?"

ನನ್ನ ಸೂಕ್ಷ್ಮ ರಂಧ್ರಗಳಲ್ಲಿ ಗಂಜಿಗೆ ಜಾಗವಿರಲಿಲ್ಲ.

"ನೂರು ಸಲ ಒಗದದ್ದು ಬೇಕು" ಎನ್ನುತ್ತ ಒಳಗೆ ಹೋದರು. ಟ್ರಂಕಿನಿಂದ ಯಜಮಾನರು ತಲೆಗೆ ಸುತ್ತುತ್ತಿದ್ದ ರುಮಾಲು ತಂದರು. ಬಿಳಿ ರುಮಾಲು, ಒಗೆದು ಒಗೆದು ಹಾಲಿನ ಕೆನೆಯಂತಾಗಿತ್ತು. ಅದನ್ನು ಎರಡು ಬೆರಳುಗಳ ನಡುವೆ ತಿಕ್ಕಿದರು, ತಿಕ್ಕುತ್ತಲೇ ಇದ್ದರು. ನಾನು ತಡೆಯಲಾರದೆ, "ಇದನ್ನ ಕತ್ತರಿಸಬೇಕೇನ್ರಿ ಅವ್ವಾರ?" ಎಂದೆ.

"ತಲಿನ ಇಲ್ಲ. ರುಮಾಲ ಯಾರಿಗೆ? ಅವರ ಕಾರರ ಓಡ್ಲಿ."

ಕತ್ತರಿ ನೇರವಾಗಿ ನಡುಮಧ್ಯಕ್ಕೆ ಹೋಯಿತು. ಅಂಚು ಕೆಡಿಸಲು ನೇಕಾರರ ಕೈಗೆ ಬರುವುದಿಲ್ಲ.

ಏಕೀಕರಣದ ದಿನ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಸಾಕ್ಷಿಯಾಗಿ ಮೈದುನ, ಹಿಂದೆ ಭಾಷಣಕಾರರು, ಮನೆಯೊಡತಿ, ನಾನು. ಡಂಬಳ ದಾಟಿದ ಮೇಲೆ ಕಾರು ಕೆಮ್ಮಿತು, ನಿಂತಿತು. ಮೈದುನನ ಮುಖ ಅರಳಿತು.

"ಎತ್ತು ತರ್ಲೇನು ವೈನಿ?"

"ಸುಮ್ಮ ಕುಂಡ್ರು. ಇಳದ್ರ ಮತ್ತ ಹತ್ತಿಸಿಕೊಳ್ಳಂಗಿಲ್ಲ."

ಭಾಷಣಕಾರರು ಕೆಳಗಿಳಿದು, ಹೊತ್ತು ಹಾಳಾಗಬಾರದೆಂದು, ಅಲ್ಲಿ ಮೇಯುತ್ತಿದ್ದ ಕುರಿಗಳ ಎದುರಿಗೆ ಭಾಷಣದ ತಾಲೀಮು ಸುರುಮಾಡಿದರು. ಕುರಿಗಳು ಸರ್ವಾನುಮತದಿಂದ ಮೇಯುತ್ತಿದ್ದವು. ಇವರು ಸೆರಗು ಕಟ್ಟಿ, ಪೆಟ್ರೋಲಿನ ನಳ ಬಂದ್ ಮಾಡಿ, ಬಟ್ಟಲು ಬಿಚ್ಚಿದರು. ಬಟ್ಟೆಯ ಮೇಲೆ ಬೆರಳಿನಷ್ಟು ದಪ್ಪ ತುಕ್ಕು ಕೂತಿತ್ತು.

"ನೋಡು, ಹಿಡದೈತಿ! ಒಳಗ ಬಿಟ್ಟಿಲ್ಲ!" ಎಂದು ಮೈದುನನ ಮೂಗಿನ ಹತ್ತಿರವೇ ಹಿಡಿದರು.

ಮತ್ತೆ ಬಾನೆಟ್ಟಿನ ಮರೆಗೆ ಹೋಗಿ, ಮೈದುನನಿಗೆ ಕಾಣದಂತೆ ಚೀಲದಿಂದ ರುಮಾಲು ತೆಗೆದು ಇನ್ನೊಂದು ದುಂಡು ತುಂಡು ಕತ್ತರಿಸಿ ಕೂಡಿಸಿದರು. ಭಾಷಣದ ಪೀಠಿಕೆ ಮುಗಿಯುವುದರೊಳಗೆ ಕಾರು ಗುರುಗುಟ್ಟಿತು. ಮುಂಡರಗಿಯ ಸಭೆ ಮುಗಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ತನ್ನ ಕಾಲ ಮೇಲೆ ತಾನೇ ಬೆಟಗೇರಿಯ ಓಣಿ ಹೊಕ್ಕಿತು. ಮೈದುನ ಇಳಿದು ತನ್ನ ಮನೆಗೆ ನಡೆದ. ಕೊಟ್ಟ ಮಾತನ್ನು ಆತ ಕೊನೆಯವರೆಗೂ ಮುರಿಯಲಿಲ್ಲ. ಅದು ಆತನ ದೊಡ್ಡತನ.

ನನಗೆ ವರ್ಗವಾಗಿ, ಮದುವೆಯಾಗಿ, ನಾನು ಬೇರೆ ಊರು ಸೇರಿದೆ. ಮನೆಯಲ್ಲಿ ಗಡಿಯಾರ ನಿಂತರೆ, ತರಗತಿಯಲ್ಲಿ ಲೆಕ್ಕ ಬರದೆ ಹುಡುಗ ಅತ್ತರೆ, ಇಂದಿಗೂ ನನ್ನ ಬಾಯಿಂದ ಮೊದಲು ಬರುವುದು "ತಡ್ರಿ, ಬಿಚ್ಚಿ ನೋಡೂಣು" ಎಂಬ ಮಾತೇ. ಮಾಸ್ತರಿಕೆ ಕಲಿಸುವ ಬಿ.ಟಿ. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದು ಹೋದಾಗ ಮಣ್ಣಾಗಿ ಮೂರು ದಿನವಾಗಿತ್ತು. ಕಾರು ಅಂಗಳದಲ್ಲೇ ಇತ್ತು. ಮುದುಕನಾಗಿದ್ದ ಮೈದುನ ಟ್ರಂಕು ತೆರೆದು ಕುಳಿತಿದ್ದ. ರುಮಾಲು ಬಿಡಿಸಿ ಹಿಡಿದ. ಅಂಚು ಹಾಗೆಯೇ ಇತ್ತು. ನಡುವೆಲ್ಲ ತೂತು, ಆಚೆ ಬದಿಯ ಬೆಳಕು ಅದರೊಳಗಿಂದ ಬಿದ್ದು ನೆಲದ ತುಂಬ ದುಂಡು ದುಂಡಾಗಿ ಹರಡಿತ್ತು.

"ನೋಡ್ರಿ ಮಾಸ್ತರ, ನಮ್ಮಣ್ಣನ ರುಮಾಲ. ಪೂರಾ ಇಲಿ ತಿಂದುಬಿಟ್ಟಾವು" ಎಂದ.

ಅದನ್ನು ಆತನ ಕೈಯಿಂದ ತೆಗೆದುಕೊಂಡು, ನನಗೆ ಅರಿವಿಲ್ಲದೆಯೇ ಎರಡು ಬೆರಳುಗಳ ನಡುವೆ ತಿಕ್ಕಿದೆ.

"ಇಲಿ ಇಷ್ಟು ದುಂಡಗ ತಿನ್ನೂದಿಲ್ರಿ" ಎಂದೆ.