ಹಿಂದಿನ ಶೆಡ್ಡಿನ ಸುಮಲತ

ಬಂಗಾರಪೇಟೆ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಕಾರ್ ಸ್ಟೀರಿಯೊ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸುಮಲತ ಹಳೇ ಮಾರುತಿಯೊಂದರ ಬಾಗಿಲ ಒಳಹಲಗೆ ಬಿಚ್ಚಿಕೊಂಡು ಕೂತಿದ್ದಾರೆ. ಮಾರಿಕುಪ್ಪಂನಿಂದ ಮೊದಲ ರೈಲು ಹಿಡಿದು ಬಂದವರು. ತಿಂಡಿ ಡಬ್ಬಿ ಇನ್ನೂ ತೆರೆದಿಲ್ಲ.

ಕಾರು ಹಾಲಿನ ವ್ಯಾಪಾರದ ಆಂಜನಪ್ಪನವರದು. ಆಸೆಪಟ್ಟು ಹೊಸ ಸ್ಟೀರಿಯೊ, ದೊಡ್ಡ ಸ್ಪೀಕರ್ ಹಾಕಿಸಿದರು. ಅಂಗಡಿಯ ಹುಡುಗರು ಅಳತೆ ನೋಡದೆ ತುರುಕಿದರು. ಸ್ಪೀಕರಿನ ಬೆನ್ನಿಗೆ ತಾಗಿ ಕಿಟಕಿ ಗಾಜು ಅರ್ಧಕ್ಕೇ ನಿಂತಿತು. ಗಾಜು ಪೂರ್ತಿ ಇಳಿಯದಿದ್ದರೆ ಹೆಂಡತಿ ಚೌಡಮ್ಮನಿಗೆ ಕಾರಿನಲ್ಲಿ ವಾಂತಿ. ಕೇಳಲು ಹೋದರೆ ಮಾಲೀಕ ಸುಧಾಕರ್ "ಅಳೇ ಗಾಡಿ, ಅಷ್ಟೇ ಕಣಪ್ಪ" ಎಂದು ಕೈ ತೊಳೆದುಕೊಂಡರು. ಆಂಜನಪ್ಪ ಎರಡನೇ ಸಲ ಬಂದು ಜಗಳವಾಡಿದ ಮೇಲೆ ಕಾರು ಈ ಶೆಡ್ಡಿಗೆ ಬಂತು.

"ತಪ್ಪು ಗಾಡಿ ಮೇಲೆ ಯಾಕೆ ಆಕ್ಬೇಕು? ಬಾಗ್ಲೊಳ್ಗೆ ಗಾಜು ಇಳ್ಯೋಕೆ ಜಾಗ ಬೇಡ್ವಾ?" ಎಂದು ಸುಮಲತ ಸಿಡಿಯುತ್ತಾರೆ. ಪ್ಲೈವುಡ್ಡನ್ನು ಬಳೆಯಂತೆ ಕೊಯ್ದು, ಸ್ಪೀಕರಿನ ಹಿಂದಿಟ್ಟು, ಸ್ಪೀಕರನ್ನೇ ಬೆರಳಗಲ ಈಚೆಗೆ ತರುತ್ತಾರೆ. ಗಾಜು ಸರಾಗವಾಗಿ ಇಳಿಯುತ್ತದೆ.

ಮಾರಿಕುಪ್ಪಂನ ಮನೆಯಲ್ಲಿ ಮೈದುನ ನಾಗೇಶ್‌ಗೆ ವೈರು ಹಿಡಿದುಕೊಡುತ್ತಾ ಕಲಿತ ಕೆಲಸವಿದು. ಅವನು ಕಾರ್ಖಾನೆ ಸೇರಿದ, ಇವರು ಕೆಲಸ ಬಿಡಲಿಲ್ಲ. ಹತ್ತು ವರ್ಷದಿಂದ ಇದೇ ಶೆಡ್ಡು, ದಿನಕ್ಕೆ ಎರಡು ಮೂರು ಕಾರು. ಆದರೆ ಗಿರಾಕಿಗಳಿದ್ದಾಗ ಅಂಗಡಿಯ ಮುಂದಕ್ಕೆ ಬರುವಂತಿಲ್ಲ. ಹೆಂಗಸು ಮಾಡಿದ್ದೆಂದು ಗೊತ್ತಾದರೆ ವ್ಯಾಪಾರ ಕೆಡುತ್ತದಂತೆ! ಕೆಲಸ ಕೆಡಿಸಿದವರು ಫ್ಯಾನಿನಡಿ ಕೂತಿರುತ್ತಾರೆ, ಸರಿಮಾಡುವವಳು ತಗಡಿನ ಹಿಂದೆ. ಇದೆಂಥ ನ್ಯಾಯ? ಕೇಳಿದರೇ ಮೈ ಉರಿಯುತ್ತದೆ.

"ಸಂಬ್ಳ ಸರ್ಯಾಗೇ ಕೊಡ್ತಾರೆ," ಎನ್ನುತ್ತಾರೆ ಸುಮಲತ. " ನನ್ ಎಸ್ರು ಯೋಳೋಕೆ ಏನ್ ಕಷ್ಟ ಇವ್ರಿಗೆ?"

ಬಿಸಿಲೇರುವ ಹೊತ್ತಿಗೆ ಆಂಜನಪ್ಪ, ಚೌಡಮ್ಮ ಬರುತ್ತಾರೆ. ಕಾರನ್ನು ಅಂಗಡಿ ಮುಂದೆ ನಿಲ್ಲಿಸಲಾಗಿದೆ. ಆಂಜನಪ್ಪ ಹಾಡು ಹಾಕಿ, ಗಾಜು ಇಳಿಸಿ ಏರಿಸಿ ನೋಡುತ್ತಾರೆ.

"ನಿಮ್ ಉಡುಗ್ರು ಚೆನ್ನಾಗ್ ಮಾಡವ್ರೆ ಕಣಪ್ಪ."

ಸುಧಾಕರ್ ನಗುತ್ತಾ ತಲೆಯಾಡಿಸುತ್ತಾರೆ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಸುಮಲತ ಇವತ್ತು ಒಳಗೆ ಸರಿಯುವುದಿಲ್ಲ. ಕೈಗಂಟಿದ ಮರದ ಪುಡಿ ಕೊಡವಿಕೊಂಡು ಮುಂದೆ ಬರುತ್ತಾರೆ.

"ಉಡುಗ್ರಲ್ಲಣ್ಣ. ನಾನ್ ಮಾಡಿದ್ದು."

ಸುಧಾಕರ್ ಮುಖದ ನಗು ಆರುತ್ತದೆ. ಅಷ್ಟರಲ್ಲಿ ಕಾರಿನೊಳಗೆ ಕೂತಿದ್ದ ಚೌಡಮ್ಮ ಹಾಡು ನಿಲ್ಲಿಸಿ, ಗಾಜನ್ನು ಪೂರ್ತಿ ಕೆಳಗಿಳಿಸಿ, ತಲೆ ಹೊರಹಾಕುತ್ತಾರೆ.

"ನಿನ್ ಎಸ್ರೇನವ್ವಾ?"

"ಸುಮಲತ," ಎನ್ನುತ್ತಾರೆ, ಅಂಗಡಿಯವರಿಗೆಲ್ಲ ಕೇಳುವಂತೆ.